ಆ ದಾರಿಗಳು ಯಾಕೆ ಅಷ್ಟು ಖಾಲಿ? ದಕ್ಷಿಣ ಫ್ರಾನ್ಸಿನ ಸೈಕಲ್ ಹಾದಿಗಳ ಹಿಂದಿನ ಕಥೆ

ದಕ್ಷಿಣ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಸೈಕಲ್ ತುಳಿಯಲೆಂದೇ ಪ್ರತಿವರ್ಷ ದೇಶವಿದೇಶಗಳಿಂದ ಜನ ಬರುತ್ತಾರೆ. ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ ಚೀಲ ಕಟ್ಟಿಕೊಂಡು, ಅವಸರವಿಲ್ಲದೆ ಊರಿಂದ ಊರಿಗೆ ಸಾಗುತ್ತಾರೆ. ದ್ರಾಕ್ಷಿ ತೋಟ, ಚೆಸ್ಟ್‌ನಟ್ ಮರಗಳ ಗುಡ್ಡ, ಕಲ್ಲು ಕಟ್ಟಡದ ಹಳೇ ಊರು ಎಲ್ಲವೂ ಚೆಂದವೇ. ಆದರೆ ಅವರು ಮುಖ್ಯವಾಗಿ ಹುಡುಕಿಕೊಂಡು ಬರುವುದು ಹಾರ್ನ್ ಇಲ್ಲದ, ಲಾರಿ ಇಲ್ಲದ ದಾರಿಯನ್ನು. ಅಲ್ಲಿನ ಕೆಲವು ರಸ್ತೆಗಳಲ್ಲಿ ಬಹಳ ಹೊತ್ತು ತುಳಿದರೂ ಒಂದು ಕಾರು ಎದುರಾಗುವುದಿಲ್ಲ.

ರಸ್ತೆಗೆ ಡಾಂಬರು ಇದೆ. ಮೋರಿ, ಸೇತುವೆ, ಕಿಲೋಮೀಟರ್ ಕಲ್ಲು ಎಲ್ಲ ಇವೆ. ವಾಹನ ಮಾತ್ರ ಇಲ್ಲ. ಹಾಗಾದರೆ ಈ ರಸ್ತೆಗಳನ್ನು ಯಾರಿಗಾಗಿ ಮಾಡಿದರು? ಓಡಾಡುತ್ತಿದ್ದ ಜನ ಎಲ್ಲಿಗೆ ಹೋದರು? ಈ ಎರಡು ಪ್ರಶ್ನೆ ಹಿಡಿದು ನಾವು ಹಿಂದಕ್ಕೆ ಹೋದಾಗ ಸಿಕ್ಕಿದ್ದು ಹಳ್ಳಿಗಳದೇ ಚರಿತ್ರೆ.

ವರ್ಷಕ್ಕೆ ಮೂರು ದಿನದ ಕೆಲಸ

ರಾಜರ ಕಾಲದಲ್ಲಿ ಫ್ರಾನ್ಸಿನ ಬಹುಪಾಲು ಕಡೆ ದೊಡ್ಡ ರಸ್ತೆಗಳನ್ನು ರೈತರ ಬಿಟ್ಟಿ ಚಾಕರಿಯಿಂದ ಮಾಡಿಸುತ್ತಿದ್ದರು. ಆ ರಸ್ತೆಗಳು ರಾಜಧಾನಿಗೆ, ಸೈನ್ಯಕ್ಕೆ, ಅಂಚೆ ಗಾಡಿಗೆ ಬೇಕಾದವು. ಕೆಲಸ ಮಾಡಿದ ರೈತನ ಊರಿಗೆ ಮಾತ್ರ ಮಳೆಗಾಲದಲ್ಲಿ ಗಾಡಿ ಹೂತುಹೋಗುವ ಕೆಸರು ಹಾದಿಯೇ ಗತಿ. ಮಹಾಕ್ರಾಂತಿಯ ಹೊತ್ತಿಗೆ ಈ ಬಿಟ್ಟಿ ಕೆಲಸ ರದ್ದಾಯಿತು.

ಹಳ್ಳಿ ರಸ್ತೆಗಳ ಹಣೆಬರಹ ಬದಲಿಸಿದ್ದು 1836ರ ಮೇ 21ರ ಕಾಯ್ದೆ. ಅಲ್ಲಿ ಪಂಚಾಯಿತಿಯಂತೆ ಇರುವ ಘಟಕಕ್ಕೆ ಕಮ್ಯೂನ್ ಎನ್ನುತ್ತಾರೆ. ಊರಿಂದ ಊರಿಗೆ ಹೋಗುವ ದಾರಿಗಳನ್ನು ಆಯಾ ಕಮ್ಯೂನ್ ನೋಡಿಕೊಳ್ಳಬೇಕು, ಹಣ ಸಾಲದಿದ್ದರೆ ಊರವರಿಂದ ಕೆಲಸ ಪಡೆಯಬಹುದು ಎಂದು ಕಾಯ್ದೆ ಹೇಳಿತು. ತೆರಿಗೆ ಪಟ್ಟಿಯಲ್ಲಿದ್ದ ಮನೆಯ 18ರಿಂದ 60 ವರ್ಷದ ಪ್ರತಿ ಗಂಡಾಳು ವರ್ಷಕ್ಕೆ ಮೂರು ದಿನದವರೆಗೆ ದುಡಿಯಬೇಕಿತ್ತು. ಮನೆಯಲ್ಲಿ ಗಾಡಿ ಇದ್ದರೆ ಗಾಡಿಗೂ ಲೆಕ್ಕ, ಎತ್ತು, ಕುದುರೆ, ಹೇಸರಗತ್ತೆ ಇದ್ದರೆ ಅವಕ್ಕೂ ಲೆಕ್ಕ. ಕೆಲಸ ಬೇಡವೆಂದರೆ ಅಷ್ಟೇ ಬೆಲೆಯ ಹಣ ಕಟ್ಟಬೇಕು.

ಇದರಲ್ಲಿ ಅನ್ಯಾಯವೂ ಇತ್ತು. ಕೈಯಲ್ಲಿ ಕಾಸಿದ್ದವನು ಹಣ ಕಟ್ಟಿ ಮನೆಯಲ್ಲಿ ಕೂತ, ಇಲ್ಲದವನು ಗುದ್ದಲಿ ಹಿಡಿದ. ಆದರೂ ಈ ಸಲ ಜಲ್ಲಿ ಬಿದ್ದದ್ದು ತಮ್ಮ ಹೊಲದ ಪಕ್ಕದ ದಾರಿಗೇ. ಹಳೆಯ ಹೇಸರಗತ್ತೆಯ ಜಾಡು, ಹೊಲದ ಬದು, ಹೊಳೆಯ ದಂಡೆ ಹಿಡಿದು ಈ ರಸ್ತೆಗಳು ಬೆಳೆದವು. ಅವು ಇಂದಿಗೂ ಅಷ್ಟು ಅಂಕುಡೊಂಕಾಗಿರುವುದಕ್ಕೆ ಇದೂ ಒಂದು ಕಾರಣ. ಊರು ಊರನ್ನು ಮುಟ್ಟಿಸುವುದೇ ಅವುಗಳ ಉದ್ದೇಶ, ಬೇಗ ಮುಟ್ಟಿಸುವುದಲ್ಲ. ಇವುಗಳಲ್ಲಿ ಮುಖ್ಯವಾದವು ಮುಂದೆ ಜಿಲ್ಲಾ ರಸ್ತೆಗಳಾದವು. ಅವುಗಳ ಹೆಸರಲ್ಲಿ 'ಡಿ' ಅಕ್ಷರ, ಕಿಲೋಮೀಟರ್ ಕಲ್ಲಿನ ತಲೆಗೆ ಹಳದಿ ಬಣ್ಣ. ಸೈಕಲ್ ಪ್ರವಾಸಿಗಳು ಇವತ್ತು ನಕ್ಷೆಯಲ್ಲಿ ಹುಡುಕುವುದು ಈ 'ಡಿ' ರಸ್ತೆಗಳನ್ನೇ.

ಊರು ಬರಿದಾದ ಬಗೆ

ರಸ್ತೆ ಬಂತು. ಆದರೆ ಅದೇ ಕಾಲಕ್ಕೆ ಊರು ಬಿಡುವ ಕಾರಣಗಳೂ ಒಂದರ ಹಿಂದೆ ಒಂದು ಬಂದವು.

ದಕ್ಷಿಣದ ಸೇವೆನ್ ಎಂಬ ಗುಡ್ಡಗಾಡಿನಲ್ಲಿ ಹಿಪ್ಪುನೇರಳೆ ಮತ್ತು ರೇಷ್ಮೆ ಹುಳುವೇ ಬಡವರ ಕೈಗೆ ಕಾಸು ತರುತ್ತಿದ್ದವು. 1850ರ ದಶಕದಲ್ಲಿ ಹುಳುಗಳಿಗೆ ಪೆಬ್ರಿನ್ ರೋಗ ಬಡಿಯಿತು. ನಮ್ಮ ರೇಷ್ಮೆ ಬೆಳೆಗಾರರು ಗಂಟುರೋಗ ಎನ್ನುವುದು ಇದನ್ನೇ. ವಿಜ್ಞಾನಿ ಲೂಯಿ ಪಾಶ್ಚರ್ 1865ರಲ್ಲಿ ಅಲೆಸ್ ಪಟ್ಟಣಕ್ಕೆ ಬಂದು, ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆ ಆರಿಸುವ ವಿಧಾನ ಕಂಡುಕೊಂಡರು. ಆ ವಿಧಾನ ಇವತ್ತು ಕರ್ನಾಟಕದ ಮೊಟ್ಟೆ ತಯಾರಿಕಾ ಕೇಂದ್ರಗಳಲ್ಲೂ ನಡೆಯುತ್ತಿದೆ. ಆದರೆ ಸೇವೆನ್‌ನ ರೇಷ್ಮೆ ಮತ್ತೆ ಮೊದಲಿನಂತೆ ಚೇತರಿಸಿಕೊಳ್ಳಲಿಲ್ಲ.

1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಕೀಟ ದ್ರಾಕ್ಷಿ ಬಳ್ಳಿಯ ಬೇರು ತಿನ್ನತೊಡಗಿತು. ತೋಟಕ್ಕೆ ತೋಟವೇ ಒಣಗಿತು. ಅಮೆರಿಕದ ಬೇರಿಗೆ ಕಸಿ ಮಾಡಿ ಮತ್ತೆ ದ್ರಾಕ್ಷಿ ಬೆಳೆದರೂ, ಗುಡ್ಡದ ಕಡಿದಾದ ಮೆಟ್ಟಿಲು ಹೊಲಗಳಲ್ಲಿ ಎಷ್ಟೋ ಪಾಳು ಬಿದ್ದವು. ಆಮೇಲೆ 1914ರಿಂದ 1918ರ ಮಹಾಯುದ್ಧ. ಅಲ್ಲಿ ಅತಿ ಸಣ್ಣ ಊರಿನ ನಡುವೆಯೂ ಒಂದು ಕಲ್ಲು ಇದೆ. ಯುದ್ಧದಲ್ಲಿ ಸತ್ತ ಊರ ಹುಡುಗರ ಹೆಸರುಗಳು ಅದರ ಮೇಲಿವೆ. ಒಂದೇ ಮನೆತನದ ಹೆಸರು ಎರಡು ಮೂರು ಸಲ ಬರುವುದೂ ಉಂಟು.

ಲೋಝೇರ್ ಎಂಬ ಗುಡ್ಡಗಾಡು ಜಿಲ್ಲೆಯ ಲೆಕ್ಕ ನೋಡಿ. 1851ರಲ್ಲಿ ಅಲ್ಲಿ 1,44,000ಕ್ಕೂ ಹೆಚ್ಚು ಜನರಿದ್ದರು. ಈಗ ಇರುವುದು ಸುಮಾರು 76,000. ಜನ ಅರ್ಧವಾದರು, ಅವರು ಮಾಡಿದ ರಸ್ತೆಗಳು ಉಳಿದವು.

ರೇಷ್ಮೆ ವ್ಯಾಪಾರಿಯ ಸೈಕಲ್

ಈ ಖಾಲಿಯಾಗುತ್ತಿದ್ದ ರಸ್ತೆಗಳಿಗೆ ಸೈಕಲ್ ತಂದವರಲ್ಲಿ ದೊಡ್ಡ ಹೆಸರು ಪಾಲ್ ದ ವಿವಿ ಅವರದು. ಹುಟ್ಟಿದ್ದು 1853ರಲ್ಲಿ, ದಕ್ಷಿಣದ ಪೆರ್ನ್ ಎಂಬ ಊರಿನಲ್ಲಿ. ಸೇಂಟ್ ಎಟಿಯೆನ್ ನಗರದಲ್ಲಿ ರೇಷ್ಮೆ ವ್ಯಾಪಾರ ಮಾಡುತ್ತಿದ್ದವರು ಅದನ್ನು ಬಿಟ್ಟು ಸೈಕಲ್ ಹಿಡಿದರು. 1887ರಲ್ಲಿ ಸೈಕಲ್ಲಿಗಾಗಿಯೇ ಒಂದು ಪತ್ರಿಕೆ ಶುರು ಮಾಡಿ 'ವೆಲೋಸಿಯೊ' ಎಂಬ ಹೆಸರಲ್ಲಿ ಬರೆದರು. ಪಂದ್ಯ ಗೆಲ್ಲುವುದಕ್ಕಲ್ಲದೆ ಊರು ನೋಡುವುದಕ್ಕಾಗಿ, ಆರೋಗ್ಯಕ್ಕಾಗಿ ಸೈಕಲ್ ತುಳಿಯಿರಿ ಎಂಬುದು ಅವರ ಉಪದೇಶ. ಹಸಿವಾಗುವ ಮುಂಚೆ ತಿನ್ನಿ, ಜಂಬಕ್ಕೆ ತುಳಿಯಬೇಡಿ ಎಂಬಂಥ ನಿಯಮಗಳನ್ನೂ ಮಾಡಿಟ್ಟರು.

ಅವರ ಇನ್ನೊಂದು ಹಟ ಗೇರ್. ಗುಡ್ಡಗಾಡಿನಲ್ಲಿ ಸಾಮಾನ್ಯ ಮನುಷ್ಯ ಸೈಕಲ್ ತುಳಿಯಬೇಕಾದರೆ ಏರಿಗೊಂದು, ಇಳಿಜಾರಿಗೊಂದು ಗೇರ್ ಬೇಕೇ ಬೇಕು ಎಂದು ವಾದಿಸಿ, ತಾವೇ ಪ್ರಯೋಗ ಮಾಡಿದರು. 1903ರಲ್ಲಿ ಶುರುವಾದ ಟೂರ್ ದ ಫ್ರಾನ್ಸ್ ಪಂದ್ಯದ ಮುಖ್ಯಸ್ಥ ಹೆನ್ರಿ ದೆಗ್ರಾಂಜ್ ಇದನ್ನು ಒಪ್ಪಲಿಲ್ಲ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಗೇರಿಗೆ ಆ ಪಂದ್ಯದಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಷ್ಟರಲ್ಲಿ ವೆಲೋಸಿಯೊ ತೀರಿಕೊಂಡು ಏಳು ವರ್ಷವಾಗಿತ್ತು.

ಇಂಥ ಪ್ರವಾಸ ಬಹುಕಾಲ ಬಿಡುವಿದ್ದವರಿಗಷ್ಟೇ ಸಾಧ್ಯವಿತ್ತು. 1936ರಲ್ಲಿ ದೊಡ್ಡ ಮುಷ್ಕರಗಳ ಬೆನ್ನಿಗೆ ಬಂದ ಕಾಯ್ದೆ, ಫ್ರಾನ್ಸಿನ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಕೊಟ್ಟಿತು. ಆ ಬೇಸಿಗೆಯಲ್ಲಿ ಕಾರ್ಖಾನೆ ಆಳುಗಳು ಸೈಕಲ್ ಹತ್ತಿ ಹಳ್ಳಿಗಾಡಿನ ದಾರಿ ಹಿಡಿದರು. ಗಂಡ ಹೆಂಡತಿ ಇಬ್ಬರೂ ತುಳಿಯುವ ಜೋಡಿ ಸೈಕಲ್ ಆ ಕಾಲದ ಗುರುತೇ ಆಗಿಹೋಯಿತು.

ಸದ್ದು ಬೇರೆ ಕಡೆ ಹೋಯಿತು

ಎರಡನೇ ಮಹಾಯುದ್ಧದ ನಂತರ ಕಾರು ಹೆಚ್ಚಿದವು. 1955ರ ಕಾಯ್ದೆಯಿಂದ ಟೋಲ್ ಹೆದ್ದಾರಿಗಳಿಗೆ ದಾರಿಯಾಯಿತು. 1970ರ ಹೊತ್ತಿಗೆ ಪ್ಯಾರಿಸ್‌ನಿಂದ ಮಾರ್ಸೇಯ್‌ವರೆಗೆ ಹೆದ್ದಾರಿ ಪೂರ್ತಿಯಾಯಿತು. ಲಾರಿಗಳು, ಅವಸರದವರು ಎಲ್ಲ ಅದಕ್ಕೆ ಹೋದರು. ಮೊದಲೇ ಜನ ಕಡಿಮೆಯಾಗಿದ್ದ ಗುಡ್ಡದ ರಸ್ತೆಗಳು ಇನ್ನಷ್ಟು ಮೌನವಾದವು.

ಕಾಲುವೆ ಮತ್ತು ರೈಲು ಹಳಿಗೂ ಇದೇ ಗತಿ. ಟುಲೂಸ್‌ನಿಂದ ಮೆಡಿಟರೇನಿಯನ್ ಕರಾವಳಿಗೆ ಹೋಗುವ 240 ಕಿಲೋಮೀಟರಿನ ಮಿದಿ ಕಾಲುವೆಯನ್ನು ಪಿಯೆರ್ ಪಾಲ್ ರಿಕೆ ಎಂಬವರು 1666ರಿಂದ ಕಟ್ಟಿಸಿದರು. ಸಾವಿರಾರು ಗಂಡಾಳು ಹೆಣ್ಣಾಳು ಅದಕ್ಕೆ ಮಣ್ಣು ಹೊತ್ತರು. 1681ರಲ್ಲಿ ದೋಣಿ ಓಡುವ ಹೊತ್ತಿಗೆ ರಿಕೆ ಬದುಕಿರಲಿಲ್ಲ. ಕುದುರೆಗಳು ಏರಿಯ ಮೇಲೆ ನಡೆಯುತ್ತ ದೋಣಿ ಎಳೆಯುತ್ತಿದ್ದವು. 1857ರಲ್ಲಿ ಪಕ್ಕದಲ್ಲೇ ರೈಲು ಬಂದು ದೋಣಿಯ ಪ್ರಯಾಣಿಕರನ್ನು ಕಸಿದುಕೊಂಡಿತು. ಮುಂದೆ ಕಾರು, ಬಸ್ಸು ಬಂದು ಸಣ್ಣ ರೈಲುಗಳನ್ನೇ ನಿಲ್ಲಿಸಿದವು. ಇವತ್ತು ಕುದುರೆ ನಡೆದ ಏರಿಯ ಮೇಲೂ, ಹಳಿ ಕಿತ್ತ ರೈಲು ದಾರಿಯ ಮೇಲೂ ಸೈಕಲ್ ಓಡುತ್ತಿದೆ.

ಮಜಾಮೆ ಮತ್ತು ಬೆದಾರಿಯು ಪಟ್ಟಣಗಳ ನಡುವಿನ 'ಪಾಸಾ ಪಯಿಸ್' ಅಂಥ ಒಂದು ಹಾದಿ. ಉದ್ದ ಸುಮಾರು 80 ಕಿಲೋಮೀಟರ್. ರೈಲಿಗೆ ಕಡಿದಾದ ಏರು ಆಗದು. ಹಾಗಾಗಿ ಗುಡ್ಡಗಳ ನಡುವೆ ಹೋದರೂ ಈ ದಾರಿ ಮಕ್ಕಳು, ಮುದುಕರು ತುಳಿಯುವಷ್ಟು ಸಲೀಸು. ಸುರಂಗ, ಕಬ್ಬಿಣದ ಸೇತುವೆ, ಹಳೇ ಸ್ಟೇಷನ್ ಕಟ್ಟಡ ಹಾಗೇ ಉಳಿದಿವೆ. ಇಂಥ ದಾರಿಗಳಿಗೆ 'ಹಸಿರು ಹಾದಿ' ಎಂಬ ಹೆಸರನ್ನು ಕೊಟ್ಟು, ಮೋಟಾರು ವಾಹನ ಬರಬಾರದೆಂದು 2004ರಲ್ಲಿ ರಸ್ತೆ ನಿಯಮದಲ್ಲೇ ಸೇರಿಸಿದರು.

ಉಳಿದವರ ಕಣ್ಣಿನಿಂದ

ಪ್ರವಾಸಿಗೆ ಹಿತವಾದ ಈ ಮೌನ ಅಲ್ಲೇ ಬದುಕುವವರಿಗೆ ಹೇಗೆ ಕಾಣುತ್ತದೆ? ಸೈಕಲ್ ಓಡುವ ಆ ದಾರಿಯಲ್ಲಿ ಹಿಂದೆ ಶಾಲೆಗೆ, ಸಂತೆಗೆ ಹೋಗುವ ರೈಲು ಇತ್ತು. ಅದು ನಿಂತ ಮೇಲೆ ಎಲ್ಲಕ್ಕೂ ಕಾರೇ ಬೇಕಾಯಿತು. ಎಷ್ಟೋ ಸಣ್ಣ ಊರುಗಳಲ್ಲಿ ಶಾಲೆ, ಅಂಚೆ ಕಚೇರಿ, ಬ್ರೆಡ್ ಅಂಗಡಿ ಮುಚ್ಚಿದವು.

2018ರ ಜುಲೈನಲ್ಲಿ ಸರ್ಕಾರ ಅಪಘಾತ ತಪ್ಪಿಸಲೆಂದು ಇಂಥ ರಸ್ತೆಗಳ ವೇಗಮಿತಿಯನ್ನು 90ರಿಂದ 80 ಕಿಲೋಮೀಟರಿಗೆ ಇಳಿಸಿತು. ಡೀಸೆಲ್ ತೆರಿಗೆ ಏರಿಸುವ ಮಾತೂ ಬಂತು. ಕಾರಿಲ್ಲದೆ ಆಸ್ಪತ್ರೆಗೂ ಹೋಗಲಾಗದ ಹಳ್ಳಿ ಜನಕ್ಕೆ ಇದು ಗಾಯದ ಮೇಲೆ ಬರೆ. ಅದೇ ವರ್ಷ ನವೆಂಬರ್ 17ರಂದು ಹಳದಿ ಜಾಕೆಟ್ ತೊಟ್ಟು ಅವರು ಸಣ್ಣ ಊರುಗಳ ವೃತ್ತಗಳಲ್ಲೂ ರಸ್ತೆಗೆ ಇಳಿದರು. ಪ್ರವಾಸಿ ಮೆಚ್ಚುವ ರಸ್ತೆ ಮತ್ತು ಹಳ್ಳಿಯವರು ಸಿಟ್ಟಿನಿಂದ ತಡೆದ ರಸ್ತೆ ಬಹಳ ಕಡೆ ಒಂದೇ ಆಗಿತ್ತು.

ಸೈಕಲ್ ಪ್ರವಾಸದಿಂದ ಊರಿಗೆ ಒಂದಿಷ್ಟು ದುಡ್ಡು ಬರುತ್ತದೆ, ನಿಜ. ಸೈಕಲ್ಲಿನವನು ಕಾರಿನವನಂತೆ ಊರು ದಾಟಿ ಹೋಗಿಬಿಡಲಾರ. ಅವನಿಗೆ ನೀರು, ಊಟ, ರಾತ್ರಿ ಮಲಗಲು ಜಾಗ ಬೇಕು. ಅಂಥವರನ್ನು ನಂಬಿ ಹೋಟೆಲು, ಅಂಗಡಿ ತೆರೆದವರು ಇದ್ದಾರೆ. ಆದರೆ ಬೇಸಿಗೆಯ ಗಿರಾಕಿಯನ್ನು ನಂಬಿ ಚಳಿಗಾಲದಲ್ಲಿ ಶಾಲೆ ನಡೆಯುವುದಿಲ್ಲ, ಬಸ್ಸೂ ಓಡುವುದಿಲ್ಲ.

ಹಾಗಾಗಿ ಆ ಹಾದಿಗಳ ಫೋಟೊ ಎಲ್ಲಾದರೂ ಕಣ್ಣಿಗೆ ಬಿದ್ದರೆ ಮರದ ನೆರಳಿನ ಜೊತೆಗೆ ಆ ಮೂರು ದಿನದ ಲೆಕ್ಕವನ್ನೂ ನೆನೆಯಿರಿ ಎಂಬುದು ನಮ್ಮ ಮಾತು. ಅದು ಊರವರು ತಮ್ಮ ಗಾಡಿ ಓಡಲಿ, ತಮ್ಮ ಮಕ್ಕಳು ಊರಲ್ಲೇ ಬಾಳಲಿ ಎಂದು ಜಲ್ಲಿ ಹಾಕಿದ ರಸ್ತೆ.