ಹಳೇ ಸ್ಪೋರ್ಟ್ಸ್ ಕಾರ್ ಕೊಟ್ಟು ಫಾರಿನ್ ಮೇಕ್ ತಗೊಂಡ ಶಿಂಧೆ: ಸಿಲ್ಲೋಡ್ ದಾರಿಯಲ್ಲಿ ಸಿಕ್ಕ ಒಂದು ಎಕ್ಸ್‌ಚೇಂಜ್ ಕಥೆ

ವಿಡಿಯೋ ನೋಡೋಕೆ ಟೈಮ್ ಸಿಗದೆ ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಓದೋರಿಗಾಗಿ ಎಂದಿನಂತೆ ಈ ಬರಹ ರೂಪ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯಗಳನ್ನೂ ಸೇರಿಸಿದ್ದೀನಿ.

ಈ ಸಲದ ಕಥೆ ಶುರುವಾಗಿದ್ದು ಒಂದು ಕಾರಿನಿಂದ. ಪುಣೆಯಲ್ಲಿ ನನ್ನ ಹಳೇ ರೂಮ್‌ಮೇಟ್ ಒಬ್ಬ ಇದ್ದಾನೆ, ಮೈಸೂರಿನವನು. ಅವನ ಹತ್ತಿರ ಎರಡೇ ಸೀಟಿನ, ಟಾಪ್ ತೆಗೆಯಬಹುದಾದ ಒಂದು ಹಳೇ ಸ್ಪೋರ್ಟ್ಸ್ ಕಾರ್ ಇದೆ. ಎಂಟು ವರ್ಷದಿಂದ ಅದನ್ನ ಬಿಚ್ಚಿ, ಜೋಡಿಸಿ, ಬೈದು, ಮುದ್ದು ಮಾಡಿ ಇಟ್ಕೊಂಡಿದ್ದಾನೆ. ಈಗ ಅದನ್ನ ಎಕ್ಸ್‌ಚೇಂಜ್‌ಗೆ ಕೊಟ್ಟು, ಮೇಲೆ ಒಂದು ದೊಡ್ಡ ಲೋನ್ ಹಾಕಿ, ಸೆಕೆಂಡ್ ಹ್ಯಾಂಡ್ ಇಟಾಲಿಯನ್ ಕಾರ್ ತಗೋಬೇಕು ಅನ್ನೋ ಆಸೆ. "ಮಗಾ, ಕೊಡೋ ಮುಂಚೆ ಕೊನೇ ಸಲ ಲಾಂಗ್ ಡ್ರೈವ್ ಹೋಗೋಣ ಬಾ, ಅಜಂತಾ" ಅಂದ. ಹೊರಟ್ವಿ.

ಪುಣೆಯಿಂದ ಛತ್ರಪತಿ ಸಂಭಾಜಿನಗರ, ಅಂದ್ರೆ ಹಳೇ ಔರಂಗಾಬಾದ್. ಅಲ್ಲಿಂದ ಅಜಂತಾಕ್ಕೆ ಹೋಗೋ ದಾರಿಯಲ್ಲಿ ಸಿಲ್ಲೋಡ್. ಪಶ್ಚಿಮಕ್ಕೆ ಪಕ್ಕದ ತಾಲೂಕಿನ ಹೆಸರು ಏನು ಗೊತ್ತಾ? ಕನ್ನಡ್! ಬೋರ್ಡಲ್ಲಿ ದೇವನಾಗರಿಯಲ್ಲಿ ಅದನ್ನ ಓದಿ ನಮ್ಮವನು ಗಾಡಿ ನಿಲ್ಲಿಸಿ ಫೋಟೋ ತೆಗೆದುಕೊಂಡ. ಸಿಲ್ಲೋಡ್ ಊರೊಳಗೆ ಬರುವಷ್ಟರಲ್ಲಿ ಆಕ್ಸಿಲರೇಟರ್ ಕೇಬಲ್ ಕಟ್ ಆಯ್ತು. ಬೈಕ್ ರಿಪೇರಿ ಮಾಡೋ ಒಬ್ಬ ಹುಡುಗ ಬಂದು ನೋಡಿ, ಯಾವುದೋ ಮೋಟಾರ್‌ಸೈಕಲ್ಲಿನ ಕೇಬಲ್ ಅಳತೆಗೆ ಕತ್ತರಿಸಿ ಹಾಕಿ, ಮುಕ್ಕಾಲು ಗಂಟೆಯಲ್ಲಿ ಕಳಿಸಿಕೊಟ್ಟ. ಈ ಹುಡುಗನನ್ನ ನೆನಪಿಟ್ಟುಕೊಳ್ಳಿ.

ಅಂದಹಾಗೆ ಈ ಜಿಲ್ಲೆಗೆ ಫಾರಿನ್ ಕಾರಿನ ಹುಚ್ಚು ಹೊಸದಲ್ಲ. 2010ರ ಅಕ್ಟೋಬರ್‌ನಲ್ಲಿ ಇಲ್ಲಿನ ವ್ಯಾಪಾರಸ್ಥರು, ವೃತ್ತಿಪರರು ಗುಂಪು ಕಟ್ಟಿಕೊಂಡು ಒಂದೇ ಸಲ 150 ಮರ್ಸಿಡಿಸ್ ಬೆಂಜ್ ಖರೀದಿಸಿದ್ದರು. ಸುಮಾರು 65 ಕೋಟಿ ರೂಪಾಯಿಯ ವ್ಯವಹಾರ. ದೇಶವೆಲ್ಲ ಬಾಯಿ ಬಿಟ್ಟು ನೋಡಿತ್ತು. ಆದರೆ ನಾನು ಇವತ್ತು ಹೇಳೋದು ಅದಕ್ಕಿಂತ 200 ವರ್ಷ ಹಿಂದಿನ, ಇದೇ ನೆಲದಲ್ಲಿ ಪರೀಕ್ಷೆಗೆ ಒಳಗಾದ ಇನ್ನೊಂದು ಎಕ್ಸ್‌ಚೇಂಜ್. ಕೊಟ್ಟಿದ್ದು ಕಾರಲ್ಲ, ಒಂದು ಯುದ್ಧದ ಪದ್ಧತಿ. ಕೊಟ್ಟವನು ಮಹಾದಜಿ ಶಿಂಧೆ. ಇಂಗ್ಲಿಷರ ಬಾಯಲ್ಲಿ ಸಿಂಧಿಯಾ.

ಮೊದಲು ಹಳೇ ಗಾಡಿ ಹೇಗಿತ್ತು ನೋಡೋಣ. ಮರಾಠರ ಶಕ್ತಿ ಅಂದ್ರೆ ಹಗುರ ಕುದುರೆ ದಂಡು. ಭೀಮಥಡಿ ಕುದುರೆ: ನಮ್ಮ ಕಲಬುರಗಿ, ವಿಜಯಪುರ ಜಿಲ್ಲೆಗಳಲ್ಲೂ ಹರಿಯುವ ಅದೇ ಭೀಮಾ ನದಿಯ ದಡದ ತಳಿ. ಎತ್ತರ ಕಮ್ಮಿ, ತಿನ್ನೋದು ಕಮ್ಮಿ, ಓಡೋದು ಜಾಸ್ತಿ. ಸವಾರರಲ್ಲಿ ಎರಡು ಥರ. ಸ್ವಂತ ಕುದುರೆ, ಸ್ವಂತ ಆಯುಧ ತರೋನು ಶಿಲೇದಾರ. ಸರ್ಕಾರದ ಕುದುರೆ ಹತ್ತೋನು ಬಾರ್ಗೀರ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಬ್ಬ ಸ್ವಂತ ಲ್ಯಾಪ್‌ಟಾಪ್ ತರೋನು, ಇನ್ನೊಬ್ಬ ಕಂಪನಿ ಲ್ಯಾಪ್‌ಟಾಪಿನವನು. ಮೈಸೂರು ಸಂಸ್ಥಾನದಲ್ಲೂ ಇದೇ ಪದ್ಧತಿ ಇತ್ತು, ನಮ್ಮಲ್ಲಿ ಅವರನ್ನ ಸಿಲ್ಲೇದಾರ್ ಅಂತಿದ್ರು. ಈ ಪದ್ಧತಿಯಲ್ಲಿ ಒಂದು ತೊಡಕಿದೆ. ಶಿಲೇದಾರನ ಕುದುರೆ ಸತ್ತರೆ ನಷ್ಟ ಅವನದೇ. ಹಾಗಾಗಿ ಫಿರಂಗಿ ಬಾಯಿಗೆ ನೇರ ನುಗ್ಗೋಕೆ ಅವನು ಹಿಂದೆಮುಂದೆ ನೋಡ್ತಾನೆ. ಇಎಂಐ ಮೇಲೆ ತಗೊಂಡ ಕಾರನ್ನ ಗುಂಡಿ ರಸ್ತೆಗೆ ಇಳಿಸೋಕೆ ನಾವು ಯೋಚನೆ ಮಾಡಲ್ವಾ, ಹಾಗೆ.

ಆದರೆ ಸರಿಯಾದ ದಾರಿಯಲ್ಲಿ ಈ ಗಾಡಿಗೆ ಸರಿಸಾಟಿ ಇರಲಿಲ್ಲ. ಪುಣೆಯಿಂದ ಲೋಣಾವಳಾ ಕಡೆ ಹೋಗುವಾಗ ವಡಗಾವ್ ಸಿಗುತ್ತಲ್ಲ, 1779ರ ಜನವರಿಯಲ್ಲಿ ಅಲ್ಲಿ ಕಂಪನಿಯ ಬಾಂಬೆ ಸೈನ್ಯವನ್ನ ಮರಾಠರು ಸುತ್ತುವರಿದು, ಮೇವು ಸುಟ್ಟು, ದಾರಿ ಮುಚ್ಚಿ ಶರಣಾಗಿಸಿದರು. ಆ ಒಪ್ಪಂದ ಮಾಡಿಸಿಕೊಂಡವರಲ್ಲಿ ಮಹಾದಜಿ ಮುಖ್ಯ.

ಹಾಗಿದ್ರೆ ಬದಲಾಯಿಸಿದ್ದು ಯಾಕೆ? ಕಾರಣ ಇತ್ತು. ಮರುವರ್ಷವೇ, 1780ರ ಆಗಸ್ಟ್‌ನಲ್ಲಿ, ಅವನ ಗ್ವಾಲಿಯರ್ ಕೋಟೆಯನ್ನ ಕಂಪನಿಯ ಸಣ್ಣ ಪಡೆಯೊಂದು ರಾತ್ರೋರಾತ್ರಿ ಏಣಿ ಹಾಕಿ ಹತ್ತಿ ಹಿಡಿಯಿತು. ಉತ್ತರ ಭಾರತದಲ್ಲಿ ಅವನಿಗೆ ಎದುರಾದದ್ದು ಕೋಟೆಗಳು, ಬಯಲಲ್ಲಿ ಸಾಲುಗಟ್ಟಿ ನಿಲ್ಲೋ ಪಡೆಗಳು. ಅಲ್ಲಿ ಕುದುರೆ ಓಡಿಸಿ ಉಪಯೋಗ ಇಲ್ಲ. ಕಾಲಾಳು ಬೇಕು, ಫಿರಂಗಿ ಬೇಕು.

1784ರಲ್ಲಿ ಅವನು ಬೆನ್ವಾ ದ ಬ್ವಾನ್ಯ್ ಅನ್ನೋ ಅಧಿಕಾರಿಯನ್ನ ಕೆಲಸಕ್ಕೆ ತಗೊಂಡ. ಸವೋಯ್ ಪ್ರಾಂತ್ಯದ ಶಾಂಬೆರಿ ಊರಿನವನು. ಎರಡು ಬೆಟಾಲಿಯನ್‌ನಿಂದ ಶುರುವಾದದ್ದು ಕೆಲವೇ ವರ್ಷಗಳಲ್ಲಿ ಬ್ರಿಗೇಡುಗಳಾಯ್ತು. ಯುರೋಪಿನ ಕವಾಯತು, ಆಗ್ರಾದಲ್ಲಿ ಫಿರಂಗಿ ಎರಕದ ಕಾರ್ಖಾನೆ, ಎಲ್ಲಕ್ಕಿಂತ ಹೆಚ್ಚಾಗಿ ತಿಂಗಳು ತಿಂಗಳು ಸರಿಯಾಗಿ ಸಂಬಳ. 1790ರಲ್ಲಿ ಪಾಟಣ, ಮೇಡತಾ ಯುದ್ಧಗಳಲ್ಲಿ ಈ ಹೊಸ ಗಾಡಿ ರಜಪೂತರ ಹೆಸರುವಾಸಿ ಅಶ್ವದಳವನ್ನೇ ಮುರಿಯಿತು. ಖರೀದಿ ಸಾರ್ಥಕ ಅನ್ನಿಸಿರಬೇಕು.

1794ರಲ್ಲಿ ಮಹಾದಜಿ ಪುಣೆಯ ವಾನವಡಿಯಲ್ಲಿ ತೀರಿಕೊಂಡ. ಅಲ್ಲಿರೋ ಶಿಂಧೆ ಛತ್ರಿಯನ್ನ ನಿಮ್ಮಲ್ಲಿ ತುಂಬ ಜನ ನೋಡಿರ್ತೀರಿ. ಹದಿಹರೆಯದ ದೌಲತರಾವ್ ಪಟ್ಟಕ್ಕೆ ಬಂದ. ಮುಂದಿನ ವರ್ಷದ ಕೊನೆಗೆ ದ ಬ್ವಾನ್ಯ್ ಆರೋಗ್ಯ ಕೆಟ್ಟು ಕೆಲಸ ಬಿಟ್ಟ. ಅವನ ಜಾಗಕ್ಕೆ ಪೆರಾನ್ ಅನ್ನೋ ಫ್ರೆಂಚ್‌ನವನು ಬಂದ. ಅಂದ್ರೆ ಖರೀದಿ ಮಾಡಿದವನೂ ಇಲ್ಲ, ಗಾಡಿ ಕಟ್ಟಿದವನೂ ಇಲ್ಲ. ಕೀಲಿ ಮಾತ್ರ ಇನ್ನೊಬ್ಬ ವಿದೇಶಿಯ ಕೈಯಲ್ಲಿ.

ಈಗ ನಮ್ಮ ಕಡೆಯಿಂದ ಹೊರಟ ಸೈನ್ಯದ ಕಥೆ. ನನ್ನೂರು ಹರಿಹರ. 1803ರ ಮಾರ್ಚ್ 9ರಂದು ಆರ್ಥರ್ ವೆಲ್ಲೆಸ್ಲಿ ಹೊರಟಿದ್ದು ಅಲ್ಲಿಂದಲೇ. ಮುಂದೆ ವಾಟರ್‌ಲೂದಲ್ಲಿ ನೆಪೋಲಿಯನ್ನನನ್ನ ಸೋಲಿಸಿ ಹೆಸರು ಮಾಡಿದ ವೆಲ್ಲಿಂಗ್ಟನ್ ಇವನೇ. 12ನೇ ತಾರೀಖು ತುಂಗಭದ್ರೆ ದಾಟಿ, ಏಪ್ರಿಲ್ 20ಕ್ಕೆ ಪುಣೆ ಸೇರಿದ. ಇವತ್ತು ಶುಕ್ರವಾರ ರಾತ್ರಿ ನಾವು ಬಸ್ಸಲ್ಲಿ ಮಲಗಿ ದಾಟೋ ದಾರಿಗೆ ಅವರಿಗೆ ಆರು ವಾರ ಹಿಡೀತು.

ಅವನ ಜೊತೆ ಯಾರಿದ್ರು? ಮದ್ರಾಸ್ ಸಿಪಾಯಿಗಳು, ಸ್ಕಾಟ್ಲೆಂಡಿನ ಎರಡು ರೆಜಿಮೆಂಟ್, 19ನೇ ಲೈಟ್ ಡ್ರಗೂನ್ಸ್. ಜೊತೆಗೆ ದಿವಾನ್ ಪೂರ್ಣಯ್ಯನವರು ಕಳಿಸಿದ ಮೈಸೂರಿನ ಸಿಲ್ಲೇದಾರ್ ಕುದುರೆ ದಂಡು. ಸಾಮಾನು ಎಳೆಯೋಕೆ ಮೈಸೂರು ಎತ್ತುಗಳು: ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯಕ್ಕಂತಲೇ ಸಾಕಿ ಬೆಳೆಸಿದ ಅಮೃತಮಹಲ್ ತಳಿ. ಈ ಪಟ್ಟಿಯನ್ನೂ ನೆನಪಿಟ್ಟುಕೊಳ್ಳಿ.

ಆಗಸ್ಟ್‌ನಲ್ಲಿ ಅಹ್ಮದ್‌ನಗರದ ಕೋಟೆ ಬಿತ್ತು. ಸೆಪ್ಟೆಂಬರ್ 23ರಂದು, ಸಿಲ್ಲೋಡ್‌ನಿಂದ ಪೂರ್ವಕ್ಕೆ ಭೋಕರ್ದನ್ ದಾಟಿ ಹೋದರೆ ಸಿಗೋ ಅಸಾಯಿ ಹಳ್ಳಿಯ ಹತ್ತಿರ, ಕೇಳಣಾ ಮತ್ತು ಜುವಾ ನದಿಗಳ ನಡುವೆ ಎರಡೂ ಸೈನ್ಯಗಳು ಎದುರಾದವು. ಯುದ್ಧಕ್ಕಿಳಿದ ವೆಲ್ಲೆಸ್ಲಿಯ ಕವಾಯತು ಪಡೆ ಸುಮಾರು 4,500. ಎದುರಿಗೆ ದೌಲತರಾವ್ ಶಿಂಧೆ ಮತ್ತು ನಾಗಪುರದ ರಘೂಜಿ ಭೋಸಲೆ: ಯುರೋಪಿನ ಮಾದರಿಯ 10,000ಕ್ಕೂ ಹೆಚ್ಚು ಕಾಲಾಳು, ನೂರರಷ್ಟು ಫಿರಂಗಿ, ಮೇಲೆ ಹತ್ತಾರು ಸಾವಿರ ಕುದುರೆ.

ವೆಲ್ಲೆಸ್ಲಿಗೆ ನದಿ ದಾಟೋ ಜಾಗ ಗೊತ್ತಿರಲಿಲ್ಲ. ನದಿಯ ಆಚೆ ಈಚೆ ಎರಡು ಹಳ್ಳಿ ಎದುರುಬದುರು ಇರೋದು ನೋಡಿ, ಜನ ಓಡಾಡೋಕೆ ಇಲ್ಲಿ ಕಡವು ಇದ್ದೇ ಇರಬೇಕು ಅಂತ ಊಹಿಸಿ ನುಗ್ಗಿದ. ಕಡವು ಇತ್ತು. ಪಕ್ಕದಿಂದ ಬಂದು ಬಿದ್ದರೆ ಶಿಂಧೆ ಪಡೆ ತಬ್ಬಿಬ್ಬಾಗುತ್ತೆ ಅನ್ನೋ ಅವನ ಎರಡನೇ ಊಹೆ ಮಾತ್ರ ತಪ್ಪಾಯ್ತು. ಆ ಬೆಟಾಲಿಯನ್‌ಗಳು ಶಿಸ್ತಾಗಿ ಇಡೀ ಸಾಲನ್ನೇ ತಿರುಗಿಸಿ ಅವನಿಗೆ ಮುಖ ಮಾಡಿ ನಿಂತವು. ಫಿರಂಗಿ ಬಾಯಿ ಬಿಟ್ಟಾಗ ಕಂಪನಿಯ ತೋಪು ಎಳೆಯೋ ಎತ್ತುಗಳು ಸತ್ತು ಬಿದ್ದವು, ತೋಪುಗಳು ಅಲ್ಲೇ ನಿಂತವು. ವೆಲ್ಲೆಸ್ಲಿ ಕೂತಿದ್ದ ಒಂದು ಕುದುರೆ ಸತ್ತಿತು. ಇನ್ನೊಂದು, ಡಯೋಮೆಡ್ ಅನ್ನೋ ಅವನ ಪ್ರೀತಿಯ ಅರಬ್ಬಿ ಕುದುರೆ, ಈಟಿಯ ತಿವಿತ ತಿಂದಿತು. ಶಿಂಧೆಯ ಗೋಲಂದಾಜರು, ಅಂದ್ರೆ ತೋಪು ಹಾರಿಸೋ ನಮ್ಮ ದೇಶದ ಜನ, ತೋಪಿನ ಪಕ್ಕದಲ್ಲೇ ಸತ್ತರು, ಬಿಟ್ಟು ಓಡಲಿಲ್ಲ. ಕೆಲವರು ಸತ್ತಂತೆ ಬಿದ್ದಿದ್ದು, ಶತ್ರು ಮುಂದೆ ಹೋದಮೇಲೆ ಎದ್ದು ಅದೇ ತೋಪನ್ನ ಹಿಂದಕ್ಕೆ ತಿರುಗಿಸಿ ಹೊಡೆದರು. ಕಂಪನಿ ಕಡೆ 428 ಜನ ಸತ್ತು, ಸಾವಿರದ ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಗಾಯಾಳುಗಳನ್ನ ಸಾಗಿಸಿದ್ದು ಇದೇ ಸಿಲ್ಲೋಡ್ ತಾಲೂಕಿನ ಅಜಂತಾ ಊರಿನ ಕೋಟೆಗೆ.

ಅಂದ್ರೆ ಫಾರಿನ್ ಮೇಕ್ ಗಾಡಿ ಕೆಟ್ಟದಾಗಿರಲಿಲ್ಲ. ಚೆನ್ನಾಗಿಯೇ ಓಡ್ತು. ಆದರೂ ಸಂಜೆ ಹೊತ್ತಿಗೆ ಯುದ್ಧ ಸೋತು, 98 ಫಿರಂಗಿ ವೆಲ್ಲೆಸ್ಲಿ ಕೈಗೆ ಹೋದವು. ಯಾಕೆ?

ಒಂದು, ಡ್ರೈವರ್ ಸೀಟು. ಯುದ್ಧ ಶುರುವಾದಾಗ ಗವರ್ನರ್ ಜನರಲ್, ಅಂದ್ರೆ ವೆಲ್ಲೆಸ್ಲಿಯ ಅಣ್ಣ, ಶಿಂಧೆ ಬಳಿ ಇದ್ದ ಇಂಗ್ಲಿಷ್ ಅಧಿಕಾರಿಗಳಿಗೆ "ಬಿಟ್ಟು ಬನ್ನಿ, ಸಂಬಳ ನಾವು ಕೊಡ್ತೀವಿ" ಅಂತ ಘೋಷಣೆ ಹೊರಡಿಸಿದ. ತುಂಬ ಜನ ಹೋದರು. ಪೆರಾನ್ ಕೂಡ ಅದೇ ಸೆಪ್ಟೆಂಬರ್‌ನಲ್ಲಿ ಕಂಪನಿಯ ಆಶ್ರಯಕ್ಕೆ ಹೋಗಿಬಿಟ್ಟ. ಅಸಾಯಿಯಲ್ಲಿ ಕಾಲಾಳಿನ ನಾಯಕ ಪೋಲ್‌ಮನ್, ಹ್ಯಾನೋವರ್‌ನವನು, ಅವನೂ ಮುಂದೆ ಕಂಪನಿ ಕೆಲಸಕ್ಕೇ ಸೇರಿದ. ಇಷ್ಟು ವರ್ಷಗಳಲ್ಲಿ ಸಿಪಾಯಿಗಳು, ಗೋಲಂದಾಜರು ಎಲ್ಲ ಕಲಿತಿದ್ದರು. ಆದರೆ ಬ್ರಿಗೇಡ್ ನಡೆಸೋ ಕೆಲಸ ಹೆಚ್ಚಾಗಿ ಯುರೋಪಿನವರ ಕೈಯಲ್ಲೇ ಇತ್ತು.

ಎರಡು, ಹಳೇ ಗಾಡಿ. ಒಂದಿಷ್ಟು ಸವಾರರು 74ನೇ ರೆಜಿಮೆಂಟ್ ಮೇಲೆ ಬಿದ್ದದ್ದು ನಿಜ, ಬಹುಪಾಲು ದಂಡು ಮಾತ್ರ ನೋಡ್ತಾ ನಿಂತಿತು. ಹೊಸ ಕಾಲಾಳಿನ ಜೊತೆ ಹಳೇ ಕುದುರೆ ಹೇಗೆ ಕೂಡಿ ಕೆಲಸ ಮಾಡಬೇಕು ಅಂತ ಯಾರೂ ಕೂತು ರೂಪಿಸಿರಲಿಲ್ಲ. ಮರಾಠರು ಹಗುರ ಕುದುರೆಯನ್ನೇ ನೆಚ್ಚಿಕೊಂಡಿದ್ದರೆ ಇನ್ನೂ ಅಪಾಯಕಾರಿ ಆಗಿರ್ತಿದ್ರು ಅನ್ನೋದು ವೆಲ್ಲೆಸ್ಲಿಯ ಅಭಿಪ್ರಾಯ. ಈ ಮಾತನ್ನ ನಾನು ಪೂರ್ತಿ ಒಪ್ಪಲ್ಲ. ವಡಗಾವ್ ಕಾಲ ಮುಗಿದಿತ್ತು, ಬದಲಾವಣೆ ಬೇಕೇ ಇತ್ತು.

ಈಗ ವೆಲ್ಲೆಸ್ಲಿಯ ಪಟ್ಟಿ ತೆಗೀರಿ. ಅವನು ನಮ್ಮ ಎತ್ತು ತಗೊಂಡ, ನಮ್ಮ ಸಿಲ್ಲೇದಾರರನ್ನ ತಗೊಂಡ. ಅವರನ್ನ ಫಿರಂಗಿ ಬಾಯಿಗೆ ತಳ್ಳಲಿಲ್ಲ. ನದಿಯ ಈಚೆ ದಡದಲ್ಲಿ ನಿಲ್ಲಿಸಿ, ಮರಾಠಾ ಕುದುರೆ ದಂಡಿನ ಮೇಲೆ ಕಣ್ಣಿಡೋ ಕೆಲಸ ಕೊಟ್ಟ. ಯಾರಿಂದ ಯಾವ ಕೆಲಸ ಆಗುತ್ತೋ ಅದನ್ನೇ ಮಾಡಿಸಿದ. ಶಿಂಧೆ ಹಳೇದನ್ನ ಮೂಲೆಗೆ ಹಾಕಿ ಹೊಸದನ್ನ ತಂದ. ವೆಲ್ಲೆಸ್ಲಿ ತನ್ನದರ ಜೊತೆಗೆ ಇಲ್ಲಿಯದನ್ನ ಸೇರಿಸಿಕೊಂಡ.

ಇದನ್ನ ಓದುವಾಗ ನನಗೆ ನನ್ನದೇ ಒಂದು ತಪ್ಪು ಚುಚ್ಚುತ್ತೆ. ಕೆಲವು ವರ್ಷಗಳ ಹಿಂದೆ, ಬೇರೆ ಕಡೆ ಕೆಲಸ ಮಾಡುವಾಗ, ಒಂದು ಹಳೇ ಬಿಲ್ಲಿಂಗ್ ಸಿಸ್ಟಮ್ ತೆಗೆದು ವಿದೇಶದ ಪ್ರಾಡಕ್ಟ್ ಹಾಕೋ ಪ್ರಾಜೆಕ್ಟ್‌ನಲ್ಲಿದ್ದೆ. ಎಂಟೆಕ್ ಮುಗಿಸಿ ಬಂದ ಹುರುಪು. "ಹಳೇದು ಕಸ, ಎಸೀರಿ" ಅಂತ ಮೀಟಿಂಗಲ್ಲಿ ಜೋರಾಗಿ ಹೇಳಿದ್ದು ನಾನೇ. ಹಳೇ ಸಿಸ್ಟಮ್ಮನ್ನ ಹದಿನೈದು ವರ್ಷ ನೋಡಿಕೊಂಡಿದ್ದ ಮೇಡಂ ಒಬ್ಬರು ಒಂದು ನೋಟ್‌ಬುಕ್ ಕೊಡೋಕೆ ಬಂದಿದ್ರು. ಆಮೇಲೆ ಕೊಡಿ ಮೇಡಂ ಅಂದೆ. ಅವರನ್ನ ಬೇರೆ ಪ್ರಾಜೆಕ್ಟ್‌ಗೆ ಹಾಕಿದ್ರು. ಹೊಸದು ಲೈವ್ ಆದ ವಾರದಲ್ಲೇ ಹೊರಗಿನ ಕನ್ಸಲ್ಟೆಂಟ್‌ಗಳ ಕಾಂಟ್ರಾಕ್ಟ್ ಮುಗೀತು. ತಿಂಗಳ ಕೊನೆಯ ದಿನ ರಾತ್ರಿ ಮೂರು ಗಂಟೆಗೆ ಬಿಲ್ಲು ತಪ್ಪು ಬರ್ತಿದ್ದಾಗ ಆ ಮೇಡಂಗೆ ಫೋನ್ ಮಾಡಿದೆ. ಅವರು ಬೈಯಲಿಲ್ಲ. ಬೆಳಗಿನವರೆಗೂ ಲೈನಲ್ಲಿದ್ದು ದಾರಿ ತೋರಿಸಿದರು. ಬೈದಿದ್ರೇ ಚೆನ್ನಾಗಿರ್ತಿತ್ತು.

ವಾಪಸ್ ಬರುವಾಗ ಗೆಳೆಯ ಕೇಳಿದ, "ಹಂಗಾದ್ರೆ ತಗೋಬಾರದು ಅಂತೀಯಾ?" ನಾನು ಹಾಗೆ ಹೇಳಲಿಲ್ಲ. ತಗೋ ಅಂದೆ. ಆದರೆ ಸಿಲ್ಲೋಡ್‌ನಲ್ಲಿ ಕೇಬಲ್ ಹಾಕಿದ ಹುಡುಗ ಆ ಹೊಸ ಕಾರಿಗೆ ಏನೂ ಮಾಡಕ್ಕಾಗಲ್ಲ. ಅದು ದಾರಿಯಲ್ಲಿ ನಿಂತರೆ ಯಾರು ಬರ್ತಾರೆ, ನಿನಗೆ ಎಷ್ಟು ಗೊತ್ತಿದೆ, ಲೋನ್ ಭಯಕ್ಕೆ ಅದನ್ನ ಬೇಸ್‌ಮೆಂಟಲ್ಲೇ ನಿಲ್ಲಿಸಿಬಿಡ್ತೀಯಾ, ಇಷ್ಟಕ್ಕೆ ಉತ್ತರ ಇಟ್ಕೊಂಡು ಹಳೇದರ ಕೀಲಿ ಕೊಡು ಅಂದೆ.

ಹೋದ ವಾರ ಫೋನ್ ಮಾಡಿದ್ದ. ಎಕ್ಸ್‌ಚೇಂಜ್ ದೀಪಾವಳಿಗೆ ಮುಂದಕ್ಕೆ ಹಾಕಿದ್ದಾನೆ. ಆ ಮೇಕ್ ರಿಪೇರಿ ಮಾಡೋ ಒಂದು ಗ್ಯಾರೇಜ್ ಪುಣೆಯಲ್ಲೇ ಹುಡುಕಿ, ಶನಿವಾರ ಶನಿವಾರ ಹೋಗಿ ಸ್ಪ್ಯಾನರ್ ಎತ್ತಿ ಕೊಡ್ತಾ ನಿಂತಿರ್ತಾನಂತೆ. "ಮೇಸ್ತ್ರಿ ಇನ್ನೂ ಬಾನೆಟ್ ಮುಟ್ಟೋಕೆ ಬಿಟ್ಟಿಲ್ಲ ಮಗಾ" ಅಂದ.

ಅಸಾಯಿಗೆ ಹೋಗೋದಾದ್ರೆ ಮಳೆ ನಿಂತ ಮೇಲೆ ಹೋಗಿ, ಕೇಳಣಾ ದಂಡೆಯಲ್ಲಿ ಸ್ವಲ್ಪ ಹೊತ್ತು ನಿಂತು ಬನ್ನಿ. ಮುಂದಿನ ಸಲ ಅಮೃತಮಹಲ್ ಎತ್ತುಗಳ ಕಥೆ ಪೂರ್ತಿ ಹೇಳ್ತೀನಿ.