ಚಿನ್ನದ ಮೀನಿನ ಹುಣ್ಣು: ಅಭಯದಾನದಿಂದ ಔಷಧದಾನಕ್ಕೆ

ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ನಮ್ಮ ಪೂರ್ವಾಚಾರ್ಯರು ದಾನವನ್ನು ನಾಲ್ಕು ಬಗೆಯಾಗಿ ಹೇಳಿದ್ದಾರೆ. ಇವುಗಳಲ್ಲಿ ಆಹಾರ ಮತ್ತು ಅಭಯಗಳನ್ನು ಮೂಕಜೀವಿಗಳಿಗೂ ಸಲ್ಲಿಸುವ ರೂಢಿ ಎಲ್ಲೆಡೆ ಇದೆ. ಪಾರಿವಾಳಕ್ಕೆ ಕಾಳು ಹಾಕುವವರು, ಇರುವೆಗೆ ಸಕ್ಕರೆ ಇಡುವವರು, ಕೊಳದ ಮೀನಿಗೆ ಮಂಡಕ್ಕಿ ಎರಚುವವರು ನಮ್ಮ ಕುಟುಂಬಗಳಲ್ಲಿ ಅಪರೂಪವಲ್ಲ. ಆದರೆ ಅದೇ ಮೀನಿನ ಮೈಮೇಲೆ ಹುಣ್ಣೆದ್ದಾಗ ಮಾಡಬೇಕಾದುದನ್ನು ಬಲ್ಲವರು ಕಡಿಮೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿಯೂ ಮನೆಯಂಗಳದ ತೊಟ್ಟಿಗಳಲ್ಲಿ, ಸಣ್ಣ ಕೊಳಗಳಲ್ಲಿ ಚಿನ್ನದ ಮೀನನ್ನು ಸಾಕುವ ಹವ್ಯಾಸ ಬೆಳೆದಿದೆ. ಈ ಮೀನು ಎಲ್ಲಿಂದ ಬಂದಿತು, ಅದರ ಹುಣ್ಣಿನ ಚರಿತ್ರೆಯೇನು, ಸಾಕುವ ಗೃಹಸ್ಥನ ಕರ್ತವ್ಯವೇನು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಚಿನ್ನದ ಮೀನಿನ ಮೂಲ ಚೀನಾ ದೇಶ. ಬೂದುಬಣ್ಣದ ಒಂದು ಸಾಧಾರಣ ಗೆಂಡೆಜಾತಿಯ ಮೀನಿನಲ್ಲಿ ಆಗೊಮ್ಮೆ ಈಗೊಮ್ಮೆ ಕೆಂಪು ಅಥವಾ ಹಳದಿ ಮರಿ ಹುಟ್ಟುವುದುಂಟು. ಇಂತಹ ಮೀನನ್ನು ಕೊಲ್ಲದೆ ಬೌದ್ಧವಿಹಾರಗಳ ಕೊಳಗಳಲ್ಲಿ ಬಿಡುವ ಪದ್ಧತಿ ಟಾಂಗ್ ಅರಸರ ಕಾಲದಲ್ಲಿ, ಅಂದರೆ ಕ್ರಿ.ಶ. 618ರಿಂದ 907ರವರೆಗಿನ ಅವಧಿಯಲ್ಲಿ, ನೆಲೆಗೊಂಡಿತ್ತು. ಆ ಕೊಳಗಳಿಗೆ ಜೀವಿಗಳನ್ನು ಬಿಡುಗಡೆ ಮಾಡುವ ಕೊಳಗಳೆಂದೇ ಹೆಸರು. ಹೊಳೆಯಲ್ಲಿ ಇದ್ದರೆ ಕೊಕ್ಕರೆಯ ಕಣ್ಣಿಗೆ ಮೊದಲು ಬೀಳುವ ಬಣ್ಣದ ಮೀನು ಈ ಕೊಳಗಳಲ್ಲಿ ಬದುಕಿ ಸಂತತಿ ಬೆಳೆಸಿತು. 12ನೇ ಶತಮಾನಕ್ಕೆ ಅದು ಹಾಂಗ್‌ಝೌ ನಗರದ ಅರಮನೆಯ ಕೊಳಗಳನ್ನು ಸೇರಿತು. 16ನೇ ಶತಮಾನದ ಆರಂಭದಲ್ಲಿ ಜಪಾನಿಗೂ, 17ನೇ ಶತಮಾನದಲ್ಲಿ ಯೂರೋಪಿಗೂ ಹೋಯಿತು. ಇಂದು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಈಜುವ ಈ ಮೀನಿನ ವಂಶದ ಮೊದಲಲ್ಲಿ ಅಭಯದಾನವಿದೆ ಎಂಬುದು ನಮ್ಮ ಓದುಗರು ಗಮನಿಸಬೇಕಾದ ಸಂಗತಿ.

ಅದೇ 12ನೇ ಶತಮಾನದಲ್ಲಿ ನಮ್ಮ ನಾಡಿನ ಸ್ಥಿತಿ ಹೇಗಿತ್ತು? ಸುಮಾರು 1130ರಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ದಲ್ಲಿ ಮೀನುಗಳಿಗಾಗಿಯೇ ಒಂದು ಭಾಗವಿದೆ. ಮೀನಿನ ಜಾತಿಗಳು, ಅವು ಇರುವ ನೀರು, ಅವುಗಳ ಮೇವು ಎಲ್ಲವೂ ಅದರಲ್ಲಿ ವರ್ಣಿತವಾಗಿವೆ. ಆದರೆ ಆ ಭಾಗದ ಹೆಸರು ಮತ್ಸ್ಯವಿನೋದ. ಅರಸನ ಗಾಳದ ಬೇಟೆಯೇ ಅದರ ಗುರಿ. ಅದೇ ಕಾಲಕ್ಕೆ ಸೇರಿದ, ಚಾಲುಕ್ಯ ರಾಜವಂಶದವನೇ ಆದ ಜೈನ ಗ್ರಂಥಕಾರ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವನ್ನು ರಚಿಸಿದನು. ಒಬ್ಬನು ಜೀವಿಯ ಲಕ್ಷಣವನ್ನು ಬೇಟೆಗಾಗಿ ಅರಿತನು, ಇನ್ನೊಬ್ಬನು ಚಿಕಿತ್ಸೆಗಾಗಿ ಅರಿತನು. ಅದಕ್ಕೂ ಮುಂಚೆ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ದಲ್ಲಿ ಮದ್ಯಮಾಂಸಗಳಿಲ್ಲದ ಔಷಧಮಾರ್ಗವನ್ನು ತೋರಿಸಿದ್ದರು. 12ನೇ ಶತಮಾನದಲ್ಲಿ ಜಗದ್ದಳ ಸೋಮನಾಥನು ಆ ಮಾರ್ಗದ ವೈದ್ಯವನ್ನು ಕನ್ನಡಕ್ಕೆ ತಂದನು. ಪಶುವಿಗೆ ವೈದ್ಯವುಂಟು, ಆ ವೈದ್ಯದಲ್ಲಿ ಹಿಂಸೆ ಕಡಿಮೆಯಾಗಿರಬೇಕು ಎಂಬ ಎರಡು ವಿಚಾರಗಳೂ ಹೀಗೆ ನಮ್ಮ ಪರಂಪರೆಯಲ್ಲಿ ಹಳೆಯವು. ದಿಲ್ಲಿಯ ಲಾಲ್ ಮಂದಿರದ ಪಕ್ಷಿಗಳ ಧರ್ಮಾಸ್ಪತ್ರೆ ಈ ವಿಚಾರದ ಮುಂದುವರಿಕೆಯೇ ಆಗಿದೆ. ಇದನ್ನು ಜಲಚರಕ್ಕೂ ವಿಸ್ತರಿಸುವುದು ನಮ್ಮ ಕಾಲದ ಕೆಲಸ.

ಈಗ ಹುಣ್ಣಿನ ಚರಿತ್ರೆಗೆ ಬರೋಣ. 1971ರಲ್ಲಿ ಜಪಾನಿನ ಸಾಕುಮೀನುಗಳ ಮೈಯಲ್ಲಿ ಆಳವಾದ ಹುಣ್ಣುಗಳು ಕಂಡವು. ಹೀಗೆ ನರಳಿದ ಜಾತಿಗಳಲ್ಲಿ ಚಿನ್ನದ ಮೀನೂ ಒಂದು. ಮರುವರ್ಷ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇಂತಹುದೇ ರೋಗಕ್ಕೆ ಕೆಂಪುಚುಕ್ಕೆ ರೋಗವೆಂದು ಹೆಸರಾಯಿತು. 1980ರ ದಶಕದಲ್ಲಿ ಅದು ಇಂಡೊನೇಷ್ಯಾ, ಥಾಯ್ಲೆಂಡ್‌ಗಳನ್ನು ದಾಟಿ, 1988ರಲ್ಲಿ ಬಾಂಗ್ಲಾದೇಶದ ಮೂಲಕ ಅಸ್ಸಾಂ, ತ್ರಿಪುರಾ, ಮೇಘಾಲಯಗಳನ್ನು ಪ್ರವೇಶಿಸಿತು. ಗದ್ದೆಯ ನೀರಿನಲ್ಲಿ, ಕೆರೆಗಳಲ್ಲಿ ಕೊರವ ಮೀನುಗಳೂ ಸಣ್ಣ ಗೆಂಡೆಗಳೂ ರಾಶಿರಾಶಿಯಾಗಿ ಸತ್ತು ತೇಲಿದವು. 1991ರಲ್ಲಿ ಕೇರಳದ ಹಿನ್ನೀರುಗಳಿಗೆ ತಲಪಿತು. ಕರ್ನಾಟಕದ ಸಿಹಿನೀರು ಹಾಗೂ ಅಳಿವೆಗಳ ಮೀನುಗಳಲ್ಲಿ ಇದರ ಹರಡುವಿಕೆಯನ್ನು ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಸಿ.ವಿ. ಮೋಹನ್ ಮತ್ತು ಕೆ.ಎಂ. ಶಂಕರ್ ಅವರು 1994ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ವಿಶ್ಲೇಷಿಸಿದರು. ಬೂಷ್ಟನ್ನು ಹೋಲುವ, ನೀರಿನಲ್ಲಿ ಈಜಬಲ್ಲ ಬೀಜಾಣುಗಳಿಂದ ಹರಡುವ ಅಫನೊಮೈಸಿಸ್ ಇನ್ವಡಾನ್ಸ್ ಎಂಬ ಜೀವಿ ಇದರ ಮೂಲವೆಂದು ಆ ದಶಕದಲ್ಲಿಯೇ ದೃಢವಾಯಿತು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯು ‘ಸಿಫಾಕ್ಸ್’ ಎಂಬ ಔಷಧವನ್ನು ಸಿದ್ಧಪಡಿಸಿತು. ಒಂದು ಹೆಕ್ಟೇರ್ ವಿಸ್ತಾರದ, ಒಂದು ಮೀಟರ್ ಆಳದ ನೀರಿಗೆ ಒಂದು ಲೀಟರು ಅದರ ಪ್ರಮಾಣ.

ಈ ಚರಿತ್ರೆಯಲ್ಲಿ ಎರಡು ಪಾಠಗಳಿವೆ. ಮೊದಲನೆಯದು, ಮಳೆಗಾಲ ಮುಗಿದು ನೀರು ತಣ್ಣಗಾಗುವ ಕಾಲದಲ್ಲಿ ಈ ರೋಗ ಪ್ರಬಲವಾಗುತ್ತದೆ. ಆದುದರಿಂದ ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಕೊಳವನ್ನು ಹೆಚ್ಚು ಎಚ್ಚರದಿಂದ ನೋಡಬೇಕು. ಎರಡನೆಯದು, ರೋಗವು ಒಂದು ನೀರಿನಿಂದ ಇನ್ನೊಂದು ನೀರಿಗೆ ಮೀನಿನ ಜೊತೆಯಲ್ಲಿ, ಬಲೆಯ ಜೊತೆಯಲ್ಲಿ, ಹರಿಯುವ ನೀರಿನ ಜೊತೆಯಲ್ಲಿ ಸಾಗುತ್ತದೆ. ನಮ್ಮ ಸೀಮೆಯ ನೀರುಗಳಾದರೋ ಒಂದಕ್ಕೊಂದು ಹೆಣೆದುಕೊಂಡಿವೆ. ಮಾಗಡಿ ಕಡೆಯ ಮಂಚನಬೆಲೆ ಜಲಾಶಯವಿರುವುದು ಅರ್ಕಾವತಿಯ ಮೇಲೆ. ಆ ಹೊಳೆ ರಾಮನಗರವನ್ನು ಹಾದು, ಬೈರಮಂಗಲದ ಕಡೆಯಿಂದ ಬರುವ ವೃಷಭಾವತಿಯನ್ನು ಕೂಡಿಸಿಕೊಂಡು, ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. 1946ರಲ್ಲಿ ನಿರ್ಮಾಣವಾದ ಚನ್ನಪಟ್ಟಣದ ಕಣ್ವ ಜಲಾಶಯದ ನೀರು ಶಿಂಷಾ ಹೊಳೆಯ ಪಾಲು. ಸಾಕಲಾಗದ ಮೀನನ್ನು ಪುಣ್ಯವೆಂದು ತಂದು ಕೆರೆಗೆ ಬಿಟ್ಟರೆ, ಅದರ ಮೈಯಲ್ಲಿರುವ ರೋಗವೂ ಹುಳುವೂ ಕೆಳಗಿನ ಊರುಗಳ ಮೀನುಗಳಿಗೆ ತಲಪಬಹುದು. ಒಂದು ಮೀನಿಗೆ ಕೊಟ್ಟ ಅಭಯ ಸಾವಿರ ಮೀನಿಗೆ ಭಯವಾಗಬಹುದು.

ಇಲ್ಲಿ ನಮ್ಮ ಹಿರಿಯರ ಒಂದು ಆಚಾರ ನೆನಪಿಗೆ ಬರುತ್ತದೆ. ನೀರನ್ನು ಬಟ್ಟೆಯಲ್ಲಿ ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ನೀರು ಸೇದಿದ ಬಾವಿಗೇ ಮೆಲ್ಲನೆ ಇಳಿಸಬೇಕು, ಬೇರೆ ಬಾವಿಗೆ ಬಿಡಬಾರದು ಎಂಬುದೇ ಆ ನಿಯಮ. ಒಂದು ನೀರಿನ ಜೀವಿ ಇನ್ನೊಂದು ನೀರಿನಲ್ಲಿ ಬಾಳಲಾರದು, ಅಲ್ಲಿನ ಜೀವಿಗಳಿಗೂ ಬಾಧೆಯಾದೀತು ಎಂಬ ವಿವೇಕ ಅದರಲ್ಲಿದೆ. ಚಿನ್ನದ ಮೀನಿನ ವಿಷಯದಲ್ಲಿ ಇಂದಿನ ಮೀನುವೈದ್ಯರು ಹೇಳುವುದೂ ಇದನ್ನೇ.

ಇನ್ನು ರೋಗನಿದಾನ. ಎಲ್ಲ ಹುಣ್ಣೂ ಮೇಲೆ ಹೇಳಿದ ಮಹಾರೋಗವಲ್ಲ. ಮೀನು ತೊಟ್ಟಿಯ ಗೋಡೆಗೆ ಮೈಯುಜ್ಜುತ್ತಿದ್ದರೆ ಪರೋಪಜೀವಿಗಳನ್ನು ಶಂಕಿಸಬೇಕು. ಕೆಂಪಾದ ಗಾಯದಿಂದ ದಾರದ ತುಂಡಿನಂತೆ ನೇತಾಡುವುದು ಲಂಗರು ಹುಳು. ಚಪ್ಪಟೆಯಾಗಿ, ದುಂಡಗೆ, ಮೈಮೇಲೆ ಸರಿದಾಡುವುದು ಮೀನುಹೇನು. ಅಂಚು ಕೆಂಪಾಗಿ, ನಡುವೆ ಹುರುಪೆ ಉದುರಿ ಮಾಂಸ ಕಾಣುವ ಕುಳಿಯಿದ್ದರೆ ಅದು ಬಹುಪಾಲು ಏರೊಮೊನಾಸ್ ಜಾತಿಯ ಬ್ಯಾಕ್ಟೀರಿಯಾದ ಹುಣ್ಣು. ಹತ್ತಿಯಂತೆ ಬೆಳ್ಳಗೆ ಬೆಳೆದಿದ್ದರೆ ಬೂಷ್ಟು. ಅದು ಸಾಮಾನ್ಯವಾಗಿ ಮೊದಲೇ ಇದ್ದ ಗಾಯದ ಮೇಲೆ ಬಂದು ಕೂರುತ್ತದೆ. ಹೊಟ್ಟೆಯುಬ್ಬಿ ಹುರುಪೆಗಳು ನಿಮಿರಿ ನಿಂತಿದ್ದರೆ ರೋಗ ಒಳಗಿನ ಅಂಗಗಳಿಗೆ ಇಳಿದಿದೆ ಎಂದರ್ಥ. ಸಂತಾನಕಾಲದಲ್ಲಿ ಗಂಡುಮೀನಿನ ಕಿವಿರಿನ ಮುಚ್ಚಳದ ಮೇಲೆ ಸಾಲಾಗಿ ಏಳುವ ಬಿಳಿಯ ಸಣ್ಣ ಗುಳ್ಳೆಗಳು ಮಾತ್ರ ರೋಗವಲ್ಲ. ಅವಕ್ಕೆ ಮದ್ದು ಬೇಡ.

ಆದರೆ ಮೀನನ್ನು ನೋಡುವುದಕ್ಕೆ ಮೊದಲು ನೀರನ್ನು ನೋಡಬೇಕು. ಮೀನು ತನ್ನ ಕಿವಿರುಗಳಿಂದ ಅಮೋನಿಯಾವನ್ನು ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅಮೋನಿಯಾ ಉಂಟಾಗುತ್ತದೆ. ಕೊಳದ ಕಲ್ಲು, ಗೋಡೆಗಳಿಗೆ ಅಂಟಿರುವ ಉಪಕಾರಿ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟಾಗಿ, ಬಳಿಕ ನೈಟ್ರೇಟಾಗಿ ಮಾರ್ಪಡಿಸುತ್ತವೆ. ಈ ವ್ಯವಸ್ಥೆ ಹೊಸ ಕೊಳದಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಉತ್ಸವದ ಮುನ್ನಾದಿನ ಕೊಳವನ್ನು ಪೂರ್ತಿ ಬರಿದು ಮಾಡಿ, ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿ, ಹೊಸ ನೀರು ತುಂಬಿದರೆ ಕಣ್ಣಿಗೆ ಶುಚಿಯಾಗಿ ಕಂಡೀತು. ಆದರೆ ಆ ಬ್ಯಾಕ್ಟೀರಿಯಾಗಳೆಲ್ಲ ನಾಶವಾಗಿರುತ್ತವೆ. ಅದರ ಮೇಲೆ ಉತ್ಸವಕ್ಕೆ ಬಂದವರೆಲ್ಲ ಮಂಡಕ್ಕಿ, ಬ್ರೆಡ್ಡು ಎರಚಿದರೆ ಅಮೋನಿಯಾ ಏರಿ, ಮೀನಿನ ಮೈಯ ಲೋಳೆ ಕೆಟ್ಟು, ಸದಾ ನೀರಿನಲ್ಲಿಯೇ ಇರುವ ರೋಗಾಣುಗಳಿಗೆ ಬಾಗಿಲು ತೆರೆಯುತ್ತದೆ. ಕೆಲವೇ ದಿನಗಳಲ್ಲಿ ಹುಣ್ಣು ಕಾಣಿಸುತ್ತದೆ. ಮೀನಿನ ಅಂಗಡಿಗಳಲ್ಲಿ ದೊರೆಯುವ ಪರೀಕ್ಷಾದ್ರವದಿಂದ ಅಮೋನಿಯಾ, ನೈಟ್ರೈಟುಗಳನ್ನು ಮನೆಯಲ್ಲಿಯೇ ಅಳೆಯಬಹುದು, ಎರಡೂ ಸೊನ್ನೆಯಿರಬೇಕು.

ಚಿಕಿತ್ಸೆಯ ಮೊದಲ ಹಂತ ಆಹಾರವನ್ನು ಎರಡು ಮೂರು ದಿನ ನಿಲ್ಲಿಸಿ, ನೀರಿನ ಕಾಲುಭಾಗವನ್ನು ಬದಲಿಸುವುದು. ನಲ್ಲಿಯ ನೀರಾದರೆ ಕ್ಲೋರಿನ್ ತೆಗೆದೇ ತುಂಬಬೇಕು. ಹುಣ್ಣಾದ ಮೀನನ್ನು ಬೇರೆ ತೊಟ್ಟಿಯಲ್ಲಿ, ಗಾಳಿಯ ಪಂಪಿನೊಂದಿಗೆ ಇರಿಸಿ, ಲೀಟರಿಗೆ 3 ಗ್ರಾಮಿನಂತೆ ಕಲ್ಲುಪ್ಪನ್ನು ಒಂದೇ ಸಲಕ್ಕಲ್ಲದೆ ಎರಡು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಕರಗಿಸಬೇಕು. ಸಿಹಿನೀರಿನ ಮೀನಿನ ರಕ್ತದಲ್ಲಿ ಹೊರಗಿನ ನೀರಿಗಿಂತ ಉಪ್ಪು ಹೆಚ್ಚು. ಆದುದರಿಂದ ಗಾಯದ ಮೂಲಕ ನೀರು ಸತತವಾಗಿ ಒಳನುಗ್ಗಿ, ಉಪ್ಪು ಹೊರಸೋರುತ್ತದೆ. ನೀರಿಗೆ ಉಪ್ಪು ಸೇರಿಸಿದಾಗ ಆ ಹೊರೆ ತಗ್ಗಿ ಮೀನು ಚೇತರಿಸಿಕೊಳ್ಳುತ್ತದೆ. ಕೆಲವರು ಲೀಟರಿಗೆ 2 ಮಿಲಿಗ್ರಾಮಿನಂತೆ ಪೊಟ್ಯಾಸಿಯಂ ಪರ್ಮಾಂಗನೇಟನ್ನೂ ಬಳಸುತ್ತಾರೆ. ಪ್ರಮಾಣ ಮೀರಿದರೆ ಅದೇ ಕಿವಿರುಗಳನ್ನು ಸುಡುತ್ತದೆ. ವ್ಯಾಪಾರಿಗೆ ತಕ್ಕಡಿ ಹೇಗೋ ವೈದ್ಯಕ್ಕೆ ಲೆಕ್ಕ ಹಾಗೆ. 10 ಅಡಿ ಉದ್ದ, 8 ಅಡಿ ಅಗಲ, ಎರಡೂವರೆ ಅಡಿ ನೀರಿರುವ ಕೊಳವೆಂದರೆ 200 ಘನ ಅಡಿ. ಘನ ಅಡಿಗೆ 28.3 ಲೀಟರಿನಂತೆ 5,660 ಲೀಟರು. ಅದಕ್ಕೆ ಬೇಕಾದ ಪರ್ಮಾಂಗನೇಟು 11 ಗ್ರಾಮು ಮಾತ್ರ. ಆಳವನ್ನು ಕಣ್ಣಂದಾಜಿನಲ್ಲಿ ಮೂರು ಅಡಿಯೆಂದು ಹಿಡಿದರೆ ಮದ್ದು ಐದರಲ್ಲೊಂದು ಪಾಲು ಹೆಚ್ಚಾಗುತ್ತದೆ. ಆಂಟಿಬಯಾಟಿಕ್‌ಗಳನ್ನಂತೂ ಪಶುವೈದ್ಯರು ಹುಣ್ಣಿನ ಮಾದರಿಯನ್ನು ಪರೀಕ್ಷಿಸಿ ಹೇಳದೆ ನೀರಿಗೆ ಸುರಿಯಬಾರದು. ಮದ್ದಿಗೆ ಬಗ್ಗದ ರೋಗಾಣುಗಳನ್ನು ನಾವೇ ಬೆಳೆಸಿದಂತಾಗುತ್ತದೆ. ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಕೈಯಲ್ಲಿ ಗಾಯವಿರುವವರು ಇಂತಹ ನೀರನ್ನು ಬರಿಗೈಯಿಂದ ಮುಟ್ಟಬಾರದು.

ಇಲ್ಲಿ ಧಾರ್ಮಿಕರಿಗೆ ಒಂದು ನಿಜವಾದ ಸಂದೇಹ ಏಳುತ್ತದೆ. ಹುಳು, ಹೇನು, ರೋಗಾಣು ಇವೂ ಜೀವಿಗಳೇ ಅಲ್ಲವೇ? ಮದ್ದು ಹಾಕಿದರೆ ಅವು ಸಾಯುವುದಿಲ್ಲವೇ? ಸಾಯುತ್ತವೆ, ಇದನ್ನು ಮರೆಮಾಚಿ ಪ್ರಯೋಜನವಿಲ್ಲ. ಪಂಚೇಂದ್ರಿಯ ಜೀವಿಯೊಂದು ಕಣ್ಣೆದುರು ಕೊಳೆಯುತ್ತಿರುವಾಗ ಸುಮ್ಮನಿರುವುದೂ ಅದನ್ನು ಕೊಳದಲ್ಲಿ ಕೂಡಿಹಾಕಿದವನಿಗೆ ಒಪ್ಪುವುದಿಲ್ಲ. ಹೊಳೆಯ ಮೀನಿಗೆ ಬೇರೆ ಕಡೆಗೆ ಹೋಗುವ ದಾರಿಯುಂಟು, ಕೊಳದ ಮೀನಿಗೆ ಅದಿಲ್ಲ. ಆದುದರಿಂದ ಗೃಹಸ್ಥನು ಹಿಂಸೆಯ ಹೆಚ್ಚುಕಡಿಮೆಗಳನ್ನು ತೂಗಿ ನಡೆಯಬೇಕು. ಇಡೀ ಕೊಳಕ್ಕೆ ಮದ್ದು ಹಾಕುವುದಕ್ಕಿಂತ ಒಂದು ತೊಟ್ಟಿಯಲ್ಲಿ ಒಂದು ಮೀನಿಗೆ ಹಾಕುವುದರಲ್ಲಿ ಹಿಂಸೆ ಕಡಿಮೆ. ಅದಕ್ಕಿಂತಲೂ ನೀರು ಬದಲಿಸಿ ಗುಣಪಡಿಸುವುದರಲ್ಲಿ ಕಡಿಮೆ. ಎಲ್ಲಕ್ಕಿಂತ ಕಡಿಮೆ ಹಿಂಸೆಯಿರುವುದು ರೋಗವೇ ಬಾರದಂತೆ ಸಂಯಮದಿಂದ ಸಾಕುವುದರಲ್ಲಿ. ಅಹಿಂಸೆಯ ದೃಷ್ಟಿಯಿಂದ ಜಾಗರೂಕತೆಯೇ ಮೊದಲ ಔಷಧ, ಔಷಧ ಕೊನೆಯ ಉಪಾಯ.

ಈ ಸಂಯಮವನ್ನು ಟ್ರಸ್ಟುಗಳೂ ಮನೆಗಳೂ ನಾಲ್ಕು ನಿಯಮಗಳಾಗಿ ಪಾಲಿಸಬಹುದು. ಹೊಸದಾಗಿ ತಂದ ಮೀನನ್ನು ಮೂರು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿ ಇರಿಸಿ ನೋಡಿ, ಆಮೇಲೆ ಕೊಳಕ್ಕೆ ಬಿಡುವುದು. ಅದರ ಬಲೆ, ಬಕೀಟುಗಳೂ ಬೇರೆಯಾಗಿರಲಿ. ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರವನ್ನು ಗೊತ್ತಾದ ಒಬ್ಬರೇ ಹಾಕುವುದು. ಭಕ್ತರ ಕಾಣಿಕೆಗೆ ಒಂದು ಡಬ್ಬಿಯಿಟ್ಟರೆ ಸಾಕು. ಕೊಳವನ್ನು ಎಂದೂ ಒಂದೇ ಸಲಕ್ಕೆ ಬರಿದು ಮಾಡಿ ತೊಳೆಯದಿರುವುದು. ಹೆಚ್ಚಾದ ಮೀನನ್ನಾಗಲಿ, ಮದ್ದು ಬೆರೆತ ನೀರನ್ನಾಗಲಿ ಕೆರೆಗೆ, ಹಳ್ಳಕ್ಕೆ ಬಿಡದಿರುವುದು. ಸಾಕಬಲ್ಲ ಇನ್ನೊಬ್ಬರಿಗೆ ಮೀನನ್ನು ಒಪ್ಪಿಸುವುದು. ಇದರೊಡನೆ ನೀರಿನ ಪರೀಕ್ಷೆ, ಮೀನಿನ ಸಂಖ್ಯೆ, ಸತ್ತವು, ಗುಣವಾದವು ಇಷ್ಟನ್ನು ಬರೆಯುವ ಒಂದು ಪುಸ್ತಕವಿದ್ದರೆ ಉತ್ತಮ. ಹುಂಡಿಯ ಹಣಕ್ಕೆ ಲೆಕ್ಕವಿಡುವ ನಾವು ನಮ್ಮ ಆಶ್ರಯದಲ್ಲಿರುವ ಜೀವಗಳಿಗೂ ಲೆಕ್ಕವಿಡುವುದು ನ್ಯಾಯ.

ಸಾವಿರ ವರ್ಷಗಳ ಹಿಂದೆ ಯಾರೋ ಒಬ್ಬ ದಯಾಳು ಬಲೆಯಿಂದ ಬಿಡಿಸಿ ಕೊಳಕ್ಕೆ ಬಿಟ್ಟ ಮೀನಿನ ಸಂತತಿ ಇಂದು ನಮ್ಮ ಅಂಗಳದಲ್ಲಿದೆ. ಅದಕ್ಕೆ ಅಭಯವನ್ನು ಅವನು ಕೊಟ್ಟಾಗಿದೆ. ಒಳ್ಳೆಯ ನೀರನ್ನೂ, ಮಿತವಾದ ಆಹಾರವನ್ನೂ, ತಕ್ಕ ಕಾಲದಲ್ಲಿ ಔಷಧವನ್ನೂ ಕೊಡುವ ಹೊಣೆ ನಮ್ಮದು. ಅಷ್ಟು ಮಾಡಲಾಗದವರು ಕೊಳವನ್ನು ಕಟ್ಟದಿರುವುದೇ ಲೇಸು.