ಟಿಡಿಎಸ್ ಮೀಟರಿಗೆ ಕಾಣದ ಜೀಡಿಮೆಟ್ಲಾ

ಹೈದರಾಬಾದಿಗೆ ಬಂದ ನಮ್ಮ ಕನ್ನಡದವರು ಕೊಂಪಲ್ಲಿ, ಸುಚಿತ್ರ, ಜೀಡಿಮೆಟ್ಲಾ ಕಡೆ ಫ್ಲ್ಯಾಟ್ ನೋಡೋಕೆ ಹೋದಾಗ ಒಂದು ಕೆಲಸ ಮಾಡೋದನ್ನ ನಾನು ಎಷ್ಟೋ ಸಲ ನೋಡಿದ್ದೀನಿ. ಬೋರ್‌ವೆಲ್ ನೀರಿಗೆ ಟಿಡಿಎಸ್ ಮೀಟರ್ ಅದ್ದಿ, ನಂಬರ್ ನೋಡಿ, "ಪರವಾಗಿಲ್ಲ" ಅಂತಾರೆ. ಈ ಜಾಗದ ಅರ್ಧ ಇತಿಹಾಸ ಆ ನಂಬರಿಗೆ ಸಿಗೋದೇ ಇಲ್ಲ.

ಮೊದಲು ಬಂಡೆ ನೋಡೋಣ. ಇಲ್ಲಿ ಕಾಲ ಕೆಳಗಿರೋದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್. ನಮ್ಮ ರಾಮನಗರದ ಬೆಟ್ಟಗಳದ್ದೂ ಹೆಚ್ಚುಕಮ್ಮಿ ಅದೇ ವಯಸ್ಸು. ಗಟ್ಟಿ ಗ್ರಾನೈಟ್ ನೀರು ಹಿಡಿಯಲ್ಲ. ಮೇಲೆ ಶಿಥಿಲವಾದ ಪದರ, ಕೆಳಗೆ ಬಿರುಕು, ಅಂತರ್ಜಲ ಇರೋದು ಅಷ್ಟರಲ್ಲೇ. ಬಿರುಕು ಯಾವ ಕಡೆ ಓಡಿದೆ ಅಂತ ಮೇಲಿಂದ ಗೊತ್ತಾಗಲ್ಲ. ಹಾಗಾಗಿ ಒಂದು ಬೋರ್ ಚೆನ್ನಾಗಿದ್ದು, ಪಕ್ಕದ್ದು ಕೆಟ್ಟಿರಬಹುದು. ಮರಳಿನ ಪದರದ ಹಾಗೆ ಬಿರುಕು ನೀರನ್ನ ಸೋಸಲ್ಲ.

ಇಂಥ ನೆಲದಲ್ಲಿ ನೀರು ಬೇಕಂದ್ರೆ ಕೆರೆ ಕಟ್ಟಬೇಕು. ಜೀಡಿಮೆಟ್ಲಾ ಚೆರುವು, ಅಂದರೆ ಫಾಕ್ಸ್ ಸಾಗರ್, ನಿಜಾಮರ ಕಾಲದ್ದು, 1897ರದ್ದು. ಆಮೇಲೆ ಬಂದದ್ದು ಔಷಧದ ಕಾಲ. 1961ರಲ್ಲಿ ಐಡಿಪಿಎಲ್ ಸ್ಥಾಪನೆ ಆಯ್ತು, ಪಕ್ಕದ ಬಾಲಾನಗರದಲ್ಲಿ ಅದರ ಕಾರ್ಖಾನೆ ಬಂತು. ಅಲ್ಲಿ ಕೆಲಸ ಕಲಿತವರಲ್ಲಿ ಕೆಲವರು ಹೊರಬಂದು ಸ್ವಂತ ಕಂಪನಿ ಕಟ್ಟಿದರು. ಜೀಡಿಮೆಟ್ಲಾ ತುಂಬ ಕಾರ್ಖಾನೆ ಎದ್ದವು. ಅವುಗಳ ತ್ಯಾಜ್ಯ ಇಳಿಜಾರು ಹಿಡಿದು, ಕೂಕಟ್‌ಪಲ್ಲಿ ನಾಲೆಯಲ್ಲಿ ಹುಸೇನ್ ಸಾಗರಕ್ಕೆ ಇಳಿಯಿತು. ದಾರಿಯಲ್ಲಿ ಒಂದಷ್ಟು ನೆಲಕ್ಕೂ ಇಂಗಿತು.

1980ರ ದಶಕದ ಕೊನೆಗೆ ಇಲ್ಲಿ ಸಾಮೂಹಿಕ ಶುದ್ಧೀಕರಣ ಘಟಕ ಬಂತು, ಜೆಇಟಿಎಲ್. ದೇಶದಲ್ಲೇ ಮೊದಲ ಕೆಲವುಗಳಲ್ಲಿ ಒಂದು. ಕಾರ್ಖಾನೆಗಳ ಕೊಳಕು ನೀರು ಟ್ಯಾಂಕರಲ್ಲಿ ಅಲ್ಲಿಗೆ ಬರುತ್ತೆ. ಅದರೊಳಗಿನ ಬಹಳಷ್ಟು ಸಾವಯವ ವಸ್ತುವನ್ನ ಬ್ಯಾಕ್ಟೀರಿಯಾ ತಿಂದುಹಾಕುತ್ತವೆ. ಆದರೆ ಉಪ್ಪನ್ನ ಯಾವ ಬ್ಯಾಕ್ಟೀರಿಯಾನೂ ತಿನ್ನಲ್ಲ. ಮುಂದೆ ಹುಸೇನ್ ಸಾಗರ ಉಳಿಸೋಕೆ, ಶುದ್ಧೀಕರಿಸಿದ ನೀರನ್ನ 18 ಕಿ.ಮೀ. ಪೈಪಿನಲ್ಲಿ ಅಂಬರ್‌ಪೇಟೆಗೆ ಸಾಗಿಸಿದರು. ಅಲ್ಲಿ ನಗರದ ಚರಂಡಿ ನೀರಿನ ಜೊತೆ ಸೇರಿ ಅದು ಮೂಸಿಗೆ ಹೋಗುತ್ತೆ. ನನ್ನ ಕೇಳಿದರೆ ಕೆರೆ ಉಳೀತು, ಭಾರ ನದಿ ಮೇಲೆ ಬಿತ್ತು. ಆ ಮೂಸಿ ವಾಡಪಲ್ಲಿಯಲ್ಲಿ ಸೇರೋದು ನಮ್ಮ ರಾಯಚೂರು ದಾಟಿ ಬಂದ ಕೃಷ್ಣೆಯನ್ನೇ.

ಈಗ ಮೀಟರಿಗೆ ಬರೋಣ. ಅದು ಅಳೆಯೋದು ನೀರಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತೆ ಅನ್ನೋದನ್ನ, ಅಷ್ಟೇ. ಉಪ್ಪು ಕರಗಿದರೆ ಅಯಾನು ಆಗುತ್ತೆ, ನಂಬರ್ ಏರುತ್ತೆ. ಔಷಧ ಕಾರ್ಖಾನೆ ಬಳಸೋ ಟಾಲೂಯೀನ್‌ನಂಥ ದ್ರಾವಕ ಅಯಾನು ಆಗಲ್ಲ, ಹಾಗಾಗಿ ಮೀಟರ್ ಸುಮ್ಮನಿರುತ್ತೆ. ಸೀಸದ ಲೆಕ್ಕ ನೋಡಿ. ಕುಡಿಯೋ ನೀರಿಗೆ ಐಎಸ್ 10500 ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ತನಕ ಸರಿ. ಸೀಸದ ಮಿತಿ 0.01 ಮಿಲಿಗ್ರಾಂ. ಸೀಸ ಮಿತಿಯ ಹತ್ತು ಪಟ್ಟು ಇದ್ದರೂ 0.1. ಮೀಟರಿನ ಕೊನೆಯ ಅಂಕಿ ಕೂಡ ಅಲುಗಲ್ಲ.

ಆರ್‌ಒ ಇದೆಯಲ್ಲ ಅಂತೀರಾ? ಲೋಹವನ್ನ ಅದು ಬಹುಪಾಲು ತಡೆಯುತ್ತೆ. ಸಣ್ಣ ಅಣುವಿನ ಕೆಲವು ದ್ರಾವಕಗಳನ್ನ ಅಷ್ಟು ಚೆನ್ನಾಗಿ ತಡೆಯಲ್ಲ. ಅಡ್ವಾನ್ಸ್ ಕೊಡೋ ಮುಂಚೆ ಮಾನ್ಯತೆ ಇರೋ ಲ್ಯಾಬಿನಲ್ಲಿ ಭಾರ ಲೋಹ, ಆವಿಯಾಗೋ ಸಾವಯವ ರಾಸಾಯನಿಕ, ಫ್ಲೋರೈಡ್ ಈ ಮೂರನ್ನೂ ಹೆಸರು ಹೇಳಿ ಕೇಳಿ ಮಾಡಿಸಿ. ಸಾಧ್ಯ ಆದರೆ ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ಇನ್ನೊಮ್ಮೆ.